ಕಿಡ್ನಿ ಸೋತ ಬೆಕ್ಕಿಗೆ ಮನೆಯಲ್ಲಿ ಆರೈಕೆ: ಯಾವುದು ಮೊದಲು, ಯಾವುದು ಆಮೇಲೆ

‘ನಿಮ್ಮ ಬೆಕ್ಕಿಗೆ ಕಿಡ್ನಿ ಹೋಗಿದೆ’ ಎಂದು ಡಾಕ್ಟರ ಬಾಯಲ್ಲಿ ಕೇಳಿದ ಮೇಲೆ ನಮ್ಮ ಚಿಕ್ಕಬಳ್ಳಾಪುರದ ಕಡೆ ನನ್ನನ್ನು ವಿಚಾರಿಸಿಕೊಂಡು ಬರುವವರೆಲ್ಲ ಬಹುತೇಕ ಒಂದೇ ಕಡೆ ಎಡವಿರುತ್ತಾರೆ. ಅದೇ ಸಂಜೆ ಹಳೆಯ ಊಟ ನಿಲ್ಲಿಸಿ, ಹೊಸ ಊಟ ಇಟ್ಟು, ಬಾಯಿ ಬಿಡಿಸಿ ಮಾತ್ರೆ ತುರುಕಿ, ಮಾರನೆಯ ದಿನ ಸೂಜಿಯನ್ನೂ ಚುಚ್ಚಿರುತ್ತಾರೆ. ಮೂರನೆಯ ದಿನ ಬೆಕ್ಕು ಮಂಚದಡಿ ಸೇರಿ ತಟ್ಟೆಯ ಹತ್ತಿರವೂ ಬರುವುದಿಲ್ಲ. ಮಾಡಿದ ಒಂದೊಂದು ಕೆಲಸವೂ ಸರಿಯೇ, ಕೆಟ್ಟದ್ದು ಅನುಕ್ರಮ. ಆದ್ದರಿಂದ ಇಲ್ಲಿ ಅನುಕ್ರಮಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಔಷಧದ ಹೆಸರು, ಪ್ರಮಾಣ, ಎಷ್ಟು ದಿನಕ್ಕೊಮ್ಮೆ ಎಂಬುದೆಲ್ಲ ನಿಮ್ಮ ಪಶುವೈದ್ಯರು ಹೇಳಿದಂತೆಯೇ ನಡೆಯಬೇಕು. ಅದನ್ನು ಬೆಕ್ಕಿನ ಮೈಗೆ ಮುಟ್ಟಿಸುವ ಕೈಕೆಲಸವಷ್ಟೇ ಈ ಬರಹದ ವಿಷಯ.

## ಹಂತ 1: ರಿಪೋರ್ಟು, ತೂಕ, ನೋಟ್‌ಬುಕ್

ಬೆಕ್ಕು ಹೆಚ್ಚು ನೀರು ಕುಡಿದು ಹೆಚ್ಚು ಉಚ್ಚೆ ಹೊಯ್ಯುತ್ತಿದೆ ಎಂಬುದೊಂದರಿಂದಲೇ ಕಿಡ್ನಿಯ ರೋಗ ಎಂದು ತೀರ್ಮಾನಿಸಬಾರದು. ಸಕ್ಕರೆ ಕಾಯಿಲೆಯಲ್ಲೂ, ಥೈರಾಯ್ಡ್ ಹೆಚ್ಚಾದಾಗಲೂ ಹೀಗೆಯೇ ಆಗುತ್ತದೆ, ಆದರೆ ಚಿಕಿತ್ಸೆ ಬೇರೆ. ರಕ್ತ, ಮೂತ್ರ ಎರಡರ ಪರೀಕ್ಷೆಯೂ ಆಗಬೇಕು, ಸಾಧ್ಯವಿದ್ದರೆ ರಕ್ತದೊತ್ತಡವನ್ನೂ ನೋಡಿಸಬೇಕು. ಊರಿನಲ್ಲಿ ಈ ಅನುಕೂಲ ಸಿಗದಿದ್ದರೆ ಇಲ್ಲಿಂದ ಸುಮಾರು 50 ಕಿ.ಮೀ. ದೂರದಲ್ಲಿ, ಬೆಂಗಳೂರಿಗೆ ಹೋಗುವ ಹೆದ್ದಾರಿಯ ದಾರಿಯಲ್ಲೇ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಮೂತ್ರಪಿಂಡದ ಸುಮಾರು ಮುಕ್ಕಾಲು ಭಾಗ ಕೆಲಸ ನಿಲ್ಲಿಸುವವರೆಗೂ ರಕ್ತದಲ್ಲಿ ಕ್ರಿಯಾಟಿನೈನ್ (ಕಿಡ್ನಿ ಹೊರಹಾಕಬೇಕಾದ ಒಂದು ತ್ಯಾಜ್ಯ) ಏರುವುದು ಕಾಣುವುದಿಲ್ಲ. ಹಾಗಾಗಿ ರಿಪೋರ್ಟಿನಲ್ಲಿ ‘ಸ್ವಲ್ಪ ಹೆಚ್ಚು’ ಎಂದು ಬಂದರೂ ಅದು ಸ್ವಲ್ಪವಲ್ಲ. ಪಶುವೈದ್ಯರು ಸಾಮಾನ್ಯವಾಗಿ ಅನುಸರಿಸುವ ಲೆಕ್ಕದಲ್ಲಿ ಕ್ರಿಯಾಟಿನೈನ್ (ಡೆಸಿಲೀಟರಿಗೆ ಮಿ.ಗ್ರಾಂ) 1.6ರಿಂದ 2.8ರವರೆಗೆ ಇದ್ದರೆ ರೋಗದ ಎರಡನೆಯ ಘಟ್ಟ, 2.9ರಿಂದ 5ರವರೆಗೆ ಮೂರನೆಯದು, 5 ದಾಟಿದರೆ ನಾಲ್ಕನೆಯದು. ಬೆಕ್ಕಿನ ರಕ್ತವನ್ನು ಮನುಷ್ಯರ ಲ್ಯಾಬಿಗೆ ಕಳಿಸಿದ್ದರೆ ಕಾಗದದ ಬಲಬದಿಯಲ್ಲಿ ಅಚ್ಚಾಗಿರುವ ‘ನಾರ್ಮಲ್’ ಅಂಕಿ ಮನುಷ್ಯರದ್ದು ಎಂಬುದನ್ನು ಮರೆಯಬೇಡಿ. ಅದನ್ನು ನೋಡಿ ಹೆದರುವವರೂ ಇದ್ದಾರೆ, ಧೈರ್ಯ ತಂದುಕೊಳ್ಳುವವರೂ ಇದ್ದಾರೆ, ಎರಡೂ ತಪ್ಪು.

ನೂರು ಪುಟದ ಒಂದು ನೋಟ್‌ಬುಕ್ ತೆಗೆದಿಟ್ಟು ಪ್ರತಿದಿನ ತಿಂದದ್ದು, ವಾಂತಿ, ಮಲ, ಮರಳಿನ ತಟ್ಟೆಯಲ್ಲಿ ಉಚ್ಚೆಯಿಂದಾದ ಗಂಟುಗಳು ಎಷ್ಟು ಎಂದು ಬರೆಯಿರಿ. ತೂಕವನ್ನು ವಾರಕ್ಕೊಮ್ಮೆ, ಒಂದೇ ಯಂತ್ರದಲ್ಲಿ, ಒಂದೇ ಹೊತ್ತಿನಲ್ಲಿ ನೋಡಬೇಕು. ಬೆಕ್ಕನ್ನು ಎತ್ತಿಕೊಂಡು ನಿಲ್ಲುವ ತೂಕದ ಯಂತ್ರದ ಮೇಲೆ ನಿಂತು ನಮ್ಮ ತೂಕ ಕಳೆಯುವ ಉಪಾಯ ಇಲ್ಲಿ ಸಾಲದು, 4 ಕೆ.ಜಿ. ಬೆಕ್ಕು 200 ಗ್ರಾಂ ಇಳಿದರೆ ಮೈಯ 5 ಶೇಕಡಾ ಹೋದಂತೆ, ಅಷ್ಟು ಸಣ್ಣ ವ್ಯತ್ಯಾಸ ಆ ಯಂತ್ರದಲ್ಲಿ ನೆಚ್ಚುವಂತೆ ಸಿಗುವುದಿಲ್ಲ. 10 ಕೆ.ಜಿ.ವರೆಗೆ ತೂಗುವ ಅಡುಗೆಮನೆಯ ಯಂತ್ರದ ಮೇಲೆ ರಟ್ಟಿನ ಪೆಟ್ಟಿಗೆ ಇಟ್ಟರೆ ಬೆಕ್ಕು ತಾನೇ ಹೋಗಿ ಕೂರುತ್ತದೆ.

## ಹಂತ 2: ಮೊದಲು ಮನೆಯಿಂದ ತೆಗೆಯಬೇಕಾದವು

ಹೊಸದೇನನ್ನೂ ಕೊಡುವ ಮೊದಲು ಈಗ ಕೊಡುತ್ತಿರುವುದರಲ್ಲಿ ಯಾವುದು ನಿಲ್ಲಬೇಕು ಎಂದು ನೋಡಬೇಕು. ಮೈ ಬಿಸಿಯಿದೆ ಎಂದು ಡೋಲೋ, ಕ್ರೋಸಿನ್ ಪುಡಿಮಾಡಿ ಹಾಕುವವರಿದ್ದಾರೆ. ಅವುಗಳಲ್ಲಿರುವುದು ಪ್ಯಾರಾಸಿಟಮಾಲ್, ಅದರ ಅರ್ಧ ಮಾತ್ರೆಯೂ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದ ನೋವಿನ ಮಾತ್ರೆಗಳು ಉಳಿದಿರುವ ಕಿಡ್ನಿಯನ್ನೂ ಕೆಡಿಸುತ್ತವೆ.

ನಮ್ಮದು ಹೂವು ಬೆಳೆಯುವ ಜಿಲ್ಲೆ; ಮದುವೆ, ಸಮಾರಂಭಗಳಿಂದ ಹೂಗುಚ್ಛಗಳು ಮನೆಗೆ ಬರುತ್ತಲೇ ಇರುತ್ತವೆ. ಗುಚ್ಛದಲ್ಲಿ ಲಿಲ್ಲಿ ಹೂವಿದ್ದರೆ ಅದನ್ನು ಬಾಗಿಲಿನಿಂದ ಒಳಗೆ ತರಬೇಡಿ. ಅದರ ಎಲೆ, ಪರಾಗ, ಹೂದಾನಿಯ ನೀರು ಕೂಡ ಬೆಕ್ಕಿನ ಮೂತ್ರಪಿಂಡಕ್ಕೆ ನೇರ ವಿಷ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ಮನೆಯವರು ಇನ್ನೊಂದನ್ನು ಗಮನಿಸಬೇಕು: ಹುಳುಮನೆ ತೊಳೆಯಲು ಬಳಸುವ ಬ್ಲೀಚಿಂಗ್ ಪುಡಿಯ ಮೇಲೆ ನಡೆದ ಬೆಕ್ಕು ಆಮೇಲೆ ಪಾದ ನೆಕ್ಕಿಕೊಳ್ಳುತ್ತದೆ. ತೊಳೆಯುವ ದಿನಗಳಲ್ಲಿ ಅದನ್ನು ಬೇರೆ ಕೋಣೆಯಲ್ಲಿಡಿ.

ಇನ್ನು ಬಾಳೆದಿಂಡಿನ ರಸ. ಅದು ಮನುಷ್ಯರ ಕಿಡ್ನಿ ಕಲ್ಲಿಗೆ ಹೇಳುವ ಮನೆಮದ್ದು. ಬೆಕ್ಕಿನ ಈ ರೋಗಕ್ಕೆ ಅದು ಮದ್ದಲ್ಲ. ಎಳನೀರಿನಲ್ಲಿ ಪೊಟ್ಯಾಷಿಯಂ ಹೇರಳವಾಗಿದೆ, ರೋಗಿ ಬೆಕ್ಕಿನಲ್ಲಿ ಅದು ಕಡಿಮೆಯೂ ಇರಬಹುದು, ವಿಪರೀತವೂ ಇರಬಹುದು. ರಕ್ತಪರೀಕ್ಷೆ ನೋಡದೆ ಕೊಡಬಾರದು.

## ಹಂತ 3: ಹೊಟ್ಟೆಗೆ ಏನಾದರೂ ಬೀಳಲಿ

ಜನ ಹಾರಿಸಿಬಿಡುವ ಹಂತ ಇದೇ. ಬೆಕ್ಕು ಎರಡು ದಿನ ಪೂರ್ತಿ ಉಪವಾಸವಿದ್ದರೆ ಮೈಯ ಕೊಬ್ಬು ಕರಗಿ ಪಿತ್ತಜನಕಾಂಗಕ್ಕೆ ತುಂಬಿಕೊಳ್ಳಲು ಆರಂಭವಾಗುತ್ತದೆ. ದಪ್ಪ ಬೆಕ್ಕಿಗೆ ಅಪಾಯ ಇನ್ನೂ ಬೇಗ. ‘ಹಸಿವಾದರೆ ತಾನೇ ತಿನ್ನುತ್ತೆ’ ಎಂಬ ಮಾತು ನಾಯಿಗೆ ಒಪ್ಪಬಹುದು, ಬೆಕ್ಕಿಗೆ ಒಪ್ಪುವುದಿಲ್ಲ.

ತಿನ್ನದಿರುವುದಕ್ಕೆ ಹಸಿವಿಲ್ಲದಿರುವುದೇ ಕಾರಣವೆಂದು ತಿಳಿಯಬೇಡಿ, ಹೆಚ್ಚಿನ ಸಲ ಅದು ಓಕರಿಕೆ. ತಟ್ಟೆಯವರೆಗೆ ಬಂದು, ಮೂಸಿ, ತುಟಿ ನೆಕ್ಕಿಕೊಂಡು, ಜೊಲ್ಲು ನುಂಗಿ, ಮುಖ ತಿರುಗಿಸಿ ಹೊರಟುಹೋಗುವ ಬೆಕ್ಕಿಗೆ ಹಸಿವಿದೆ, ವಾಕರಿಕೆ ಅದನ್ನು ತಡೆಯುತ್ತಿದೆ. ಡಾಕ್ಟರಿಗೆ ‘ತಿಂತಾ ಇಲ್ಲ’ ಎಂದಷ್ಟೇ ಹೇಳದೆ ಈ ವಿವರವನ್ನೂ ಹೇಳಿದರೆ ವಾಂತಿ ತಡೆಯುವ ಮದ್ದು, ಬೇಕಾದರೆ ಹಸಿವು ಹೆಚ್ಚಿಸುವ ಮದ್ದು ಬರೆದುಕೊಡುತ್ತಾರೆ. ಬಾಯಿಯಲ್ಲಿ ಹುಣ್ಣಿದೆಯೇ ಎಂದೂ ನೋಡಿಸಬೇಕು.

ಈ ಹಂತದಲ್ಲಿ ಬೆಕ್ಕಿಗೆ ಒಗ್ಗಿದ ಊಟವನ್ನೇ ಕೊಡಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಮೂಳೆಯಿಲ್ಲದ ಕೋಳಿಯನ್ನು ಬೆಚ್ಚಗೆ ಇಟ್ಟರೆ ವಾಸನೆಗೆ ಎದ್ದು ಬರುತ್ತದೆ. ಸಾರಿನಲ್ಲಿ ಬೆಂದ ತುಂಡನ್ನು ತೊಳೆದು ಕೊಟ್ಟರಾಯಿತು ಎನ್ನಬೇಡಿ. ಈರುಳ್ಳಿ, ಬೆಳ್ಳುಳ್ಳಿಯ ಅಂಶ ತುಂಡಿನೊಳಗೇ ಇಳಿದಿರುತ್ತದೆ, ಅದು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

## ಹಂತ 4: ಊಟ ಬದಲಿಸುವುದು, ನಿಧಾನವಾಗಿ

ಒಂದು ವಾರ ಸರಿಯಾಗಿ ತಿಂದ ಮೇಲೆಯೇ ಕಿಡ್ನಿ ರೋಗಕ್ಕೆಂದು ಸಿಗುವ ರೀನಲ್ ಆಹಾರದ ಪ್ಯಾಕೆಟ್ ಬಿಚ್ಚಬೇಕು. ಅದರಲ್ಲಿ ಮುಖ್ಯವಾಗಿ ರಂಜಕ (ಫಾಸ್ಫರಸ್) ಕಡಿಮೆ, ಪ್ರೋಟೀನ್ ಮಿತವಾಗಿರುತ್ತದೆ. ಹಳೆಯ ಊಟಕ್ಕೆ ಒಂದು ಚಮಚ ಹೊಸದನ್ನು ಸೇರಿಸಿ ಶುರುಮಾಡಿ, ಎರಡು ಮೂರು ವಾರದಲ್ಲಿ ಪೂರ್ತಿ ಬದಲಿಸಿದರೆ ಸಾಕು; ಹಟಮಾರಿ ಬೆಕ್ಕಿಗೆ ಎರಡು ತಿಂಗಳಾದರೂ ಆಗಲಿ. ತಿನ್ನದ ರೀನಲ್ ಆಹಾರಕ್ಕಿಂತ ತಿನ್ನುವ ಮಾಮೂಲಿ ಆಹಾರವೇ ಮೇಲು.

ಪ್ಯಾಕೆಟ್ಟಿನ ಬೆಲೆ ಎಲ್ಲರಿಗೂ ಭರಿಸುವಂಥದ್ದಲ್ಲ. ಮನೆಯೂಟವೇ ಗತಿಯೆಂದಾದರೆ ಮೊದಲು ನಿಲ್ಲಿಸಬೇಕಾದ್ದು ಒಣಮೀನು, ಮೂಳೆ, ಲಿವರ್. ಮೊಟ್ಟೆಯ ಹಳದಿಯಲ್ಲಿ ರಂಜಕ ಹೆಚ್ಚು, ಬೇಯಿಸಿದ ಬಿಳಿಯಲ್ಲಿ ಬಹಳ ಕಡಿಮೆ. ಆದರೆ ಬರೀ ಅನ್ನ, ಮೊಸರು, ಮುದ್ದೆಯ ಮೇಲೆ ಬೆಕ್ಕು ಬದುಕಲಾರದು. ಅದು ಮಾಂಸಾಹಾರಿ, ಟಾರಿನ್ ಎಂಬ ಅಂಶ ಆಹಾರದಿಂದಲೇ ಸಿಗದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಮನೆಯೂಟಕ್ಕೆ ಏನೇನು ಬೆರೆಸಬೇಕೆಂದು ಡಾಕ್ಟರಿಂದ ಬರೆಸಿಕೊಳ್ಳಿ.

ರಂಜಕವಿರುವ ಹಾಲು ಬೇಡವೆಂದು ಮನೆಯವರನ್ನು ಒಪ್ಪಿಸುವುದೇ ದೊಡ್ಡ ಕೆಲಸ. ನಮ್ಮ ಬೆಕ್ಕು ಕೆಂಚನಿಗೆ ನಾನು ರಂಜಕದ ಲೆಕ್ಕ ಹಾಕಿ ಊಟವಿಟ್ಟರೆ ಅತ್ತೆಯವರು ಹಸು ಕರೆದ ಮೇಲೆ ತಂಬಿಗೆಯಿಂದ ಅವನ ಬಟ್ಟಲಿಗೆ ಸದ್ದಿಲ್ಲದೆ ಸುರಿಯುತ್ತಿದ್ದರು. ಕೊನೆಗೆ ದಿನಕ್ಕೆ ಒಂದೇ ಚಮಚ, ಅದೂ ಮಾತ್ರೆ ನುಂಗಿದ ಮೇಲೆ, ಅದೂ ಅತ್ತೆಯವರ ಕೈಯಿಂದಲೇ ಎಂದು ರಾಜಿಯಾಯಿತು. ಮಾತ್ರೆ ಕೊಡುವುದು ಅಲ್ಲಿಂದ ಮುಂದೆ ಸುಲಭವಾಯಿತೆಂದು ಒಪ್ಪಿಕೊಳ್ಳಲೇಬೇಕು.

## ಹಂತ 5: ನೀರಿನ ಬಟ್ಟಲು, ಉಚ್ಚೆಯ ತಟ್ಟೆ

ನಮ್ಮ ಬೋರ್‌ವೆಲ್ ನೀರು ಗಡಸು. ಕೆಲವು ಬೆಕ್ಕುಗಳು ಅದನ್ನು ಮೂಸಿ ಬಿಡುತ್ತವೆ. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರನ್ನು ಒಂದು ಬಟ್ಟಲಿನಲ್ಲೂ ಮಾಮೂಲಿ ನೀರನ್ನು ಇನ್ನೊಂದರಲ್ಲೂ ಇಟ್ಟು ಯಾವುದು ಖಾಲಿಯಾಗುತ್ತದೆ ನೋಡಿ. ಮೀಸೆ ತಾಗದಷ್ಟು ಅಗಲವಾದ ಬಟ್ಟಲು ಬೇಕು, ಊಟದ ತಟ್ಟೆಯಿಂದ ದೂರ, ಮನೆಯ ಎರಡು ಮೂರು ಕಡೆ. ನೀರು ಹೆಚ್ಚು ಕುಡಿಯುತ್ತದೆ, ಹಾಸಿಗೆ ಒದ್ದೆ ಮಾಡುತ್ತದೆ ಎಂದು ರಾತ್ರಿ ಬಟ್ಟಲು ತೆಗೆದಿಡುವವರಿದ್ದಾರೆ. ಇದರಷ್ಟು ಕೆಟ್ಟ ತಪ್ಪು ಇನ್ನೊಂದಿಲ್ಲ: ಉಚ್ಚೆಯಲ್ಲಿ ಹೋಗುವ ನೀರನ್ನು ತುಂಬಿಕೊಳ್ಳಲೆಂದೇ ಅದು ಕುಡಿಯುತ್ತಿರುವುದು.

ಅಂಗಳದಲ್ಲಿ ಹೊಯ್ಯುವ ಬೆಕ್ಕಿಗೂ ಮನೆಯೊಳಗೆ ಮರಳಿನ ತಟ್ಟೆ ಅಭ್ಯಾಸ ಮಾಡಿಸಿ. ಲೆಕ್ಕ ಸಿಗುವುದು ಆಗಲೇ.

## ಹಂತ 6: ಮಾತ್ರೆ

ಬೆಕ್ಕನ್ನು ಟವೆಲಿನಲ್ಲಿ ಸುತ್ತಿ, ಹಿಂಭಾಗ ನಿಮ್ಮ ಹೊಟ್ಟೆಗೆ ಒರಗುವಂತೆ ಕೂರಿಸಿಕೊಳ್ಳಿ. ಎಡಗೈಯಿಂದ ತಲೆಯ ಮೇಲಿನಿಂದ ಕೆನ್ನೆಯ ಮೂಳೆಗಳನ್ನು ಹಿಡಿದು ಮೂಗನ್ನು ಮೇಲಕ್ಕೆ ಎತ್ತಿದರೆ ಕೆಳದವಡೆ ತಾನೇ ಸಡಿಲವಾಗುತ್ತದೆ. ಬೆಣ್ಣೆ ಸವರಿದ ಮಾತ್ರೆಯನ್ನು ನಾಲಿಗೆಯ ಬುಡಕ್ಕೆ ಹಾಕಿ ಬಾಯಿ ಮುಚ್ಚಿ. ಮುಗಿಯಲಿಲ್ಲ: ಸೂಜಿಯಿಲ್ಲದ ಸಿರಿಂಜಿನಲ್ಲಿ 5 ಮಿ.ಲೀ. ನೀರನ್ನು ಕೆನ್ನೆಯ ಸಂದಿಯಿಂದ ಸ್ವಲ್ಪಸ್ವಲ್ಪವಾಗಿ ಕುಡಿಸಲೇಬೇಕು. ಒಣ ಮಾತ್ರೆ ಅನ್ನನಾಳದಲ್ಲಿ ಅಂಟಿ ಹುಣ್ಣಾಗುತ್ತದೆ. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಈ ವಿಷಯದಲ್ಲಿ ಕುಖ್ಯಾತ.

ರಂಜಕವನ್ನು ಹಿಡಿದಿಡುವ ಮದ್ದು ಕೊಟ್ಟಿದ್ದರೆ ಅದನ್ನು ಊಟದಲ್ಲೇ ಕಲಸಬೇಕು. ಊಟದೊಳಗಿನ ರಂಜಕಕ್ಕೇ ಅದು ಅಂಟಿಕೊಳ್ಳುವುದರಿಂದ ಖಾಲಿ ಹೊಟ್ಟೆಗೆ ಕೊಟ್ಟರೆ ವ್ಯರ್ಥ. ಉಳಿದ ಕಹಿ ಮಾತ್ರೆಗಳನ್ನು ಊಟಕ್ಕೆ ಬೆರೆಸಬೇಡಿ. ಒಮ್ಮೆ ಕಹಿ ತಗುಲಿದರೆ ಆ ಊಟವನ್ನೇ ಬಿಡುತ್ತದೆ, ನೀವು ಮತ್ತೆ ಮೂರನೆಯ ಹಂತಕ್ಕೆ ಇಳಿಯಬೇಕಾಗುತ್ತದೆ.

## ಹಂತ 7: ಚರ್ಮದಡಿ ಸಲೈನ್

ಎಲ್ಲ ಬೆಕ್ಕಿಗೂ ಇದು ಬೇಕಿಲ್ಲ. ಮೈಯಲ್ಲಿ ನೀರಿನಂಶ ಬತ್ತುತ್ತಿರುವ, ಸಾಮಾನ್ಯವಾಗಿ ಮೂರನೆಯ, ನಾಲ್ಕನೆಯ ಘಟ್ಟದ ಬೆಕ್ಕಿಗೆ ಡಾಕ್ಟರು ಹೇಳುತ್ತಾರೆ. ಹೃದಯದ ತೊಂದರೆಯಿದ್ದರೆ ಇದೇ ಅಪಾಯ. 4 ಕೆ.ಜಿ. ಬೆಕ್ಕಿಗೆ ಒಂದು ಸಲಕ್ಕೆ 100ರಿಂದ 150 ಮಿ.ಲೀ. ಹೇಳುವುದು ರೂಢಿ, ದಿನವೂ ಬೇಕೋ ವಾರಕ್ಕೆರಡು ಸಲ ಸಾಕೋ ಎಂಬುದನ್ನು ರಿಪೋರ್ಟು ನೋಡಿ ಅವರೇ ನಿರ್ಧರಿಸಬೇಕು. ಮೊದಲ ಎರಡು ಸಲ ಅವರ ಎದುರಿಗೇ ನೀವೇ ಚುಚ್ಚಿ ಕಲಿಯಿರಿ.

### ಮೆಡಿಕಲ್ ಸ್ಟೋರಿನಲ್ಲಿ ಆಗುವ ತಪ್ಪು

ನಮ್ಮಲ್ಲಿ ಯಾವ ಡ್ರಿಪ್ ಬಾಟಲಿಗೂ ‘ಗ್ಲೂಕೋಸ್’ ಎನ್ನುವುದೇ ವಾಡಿಕೆ. ನೀವು ಗ್ಲೂಕೋಸ್ ಕೇಳಿದರೆ ಅಂಗಡಿಯವರು ಡೆಕ್ಸ್‌ಟ್ರೋಸ್ ಅಥವಾ ಡಿಎನ್‌ಎಸ್ ಕೊಡುತ್ತಾರೆ, ಅವರ ತಪ್ಪಲ್ಲ. ಸಕ್ಕರೆಯಿರುವ ದ್ರವವನ್ನು ಚರ್ಮದಡಿ ಬಿಟ್ಟರೆ ಊತ, ಉರಿ, ಕೀವು ಆಗಬಹುದು. ಸಾಮಾನ್ಯವಾಗಿ ಬರೆಯುವುದು ರಿಂಗರ್ ಲ್ಯಾಕ್ಟೇಟ್, ಅಂದರೆ ಆರ್‌ಎಲ್. ಚೀಟಿಯಲ್ಲಿರುವ ಹೆಸರೂ ಬಾಟಲಿಯ ಮೇಲಿನ ಹೆಸರೂ ಒಂದೇ ಎಂದು ಅಂಗಡಿಯಲ್ಲೇ ಓದಿ ನೋಡಿ.

ಸೂಜಿಯನ್ನು ಬಣ್ಣ ಹೇಳಿ ಕೇಳಬೇಡಿ. ಮಾಮೂಲಿ ಸೂಜಿಯಲ್ಲಿ ಹಸಿರು ಎಂದರೆ 21 ಗೇಜ್, ಗುಲಾಬಿ 18. ಆಸ್ಪತ್ರೆಯಲ್ಲಿ ಕೈಗೆ ಹಾಕುವ ಕ್ಯಾನುಲಾದಲ್ಲಿ ಹಸಿರು 18, ಗುಲಾಬಿ 20. ‘20 ಅಥವಾ 21 ಗೇಜ್ ಸೂಜಿ, ಕ್ಯಾನುಲಾ ಅಲ್ಲ’ ಎಂದು ಬಿಡಿಸಿ ಹೇಳಿ. ಗೇಜ್ ಅಂಕಿ ಹೆಚ್ಚಿದಷ್ಟೂ ಸೂಜಿ ಸಣ್ಣ. ಪಾಪವೆಂದು 24ರದ್ದು ತಂದರೆ ಹೊತ್ತು ಬಹಳ ಹಿಡಿದು ಬೆಕ್ಕಿಗೆ ಹಿಂಸೆ ಹೆಚ್ಚು. ಇದರ ಜೊತೆಗೆ ಗಾಳಿಕಿಂಡಿ ಇರುವ ಐವಿ ಸೆಟ್ (ಡ್ರಿಪ್ ಕೊಳವೆ), ಟವೆಲ್, ಅಂಟುಪಟ್ಟಿ, ಬಾಟಲಿ ತೂಗುಹಾಕಲು ಗೋಡೆಯಲ್ಲೊಂದು ಮೊಳೆ.

### ಮಾಡುವ ಕ್ರಮ

1. ಕೈ ತೊಳೆದು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಕದಡಿದ್ದರೆ, ಏನಾದರೂ ತೇಲುತ್ತಿದ್ದರೆ ಬಿಸಾಡಿ.

2. ಸೆಟ್ಟಿನಲ್ಲಿ ಹರಿವನ್ನು ತೆರೆದು ಮುಚ್ಚುವ ಚಕ್ರವನ್ನು ಮುಚ್ಚಿದ ಮೇಲೆಯೇ ಅದರ ಮೊನೆಯನ್ನು ಬಾಟಲಿಗೆ ಚುಚ್ಚಬೇಕು. ಕೊಳವೆಯಲ್ಲಿ ಹನಿ ಬೀಳುವ ಗೂಡು ಅರ್ಧ ತುಂಬಲಿ, ಗಾಳಿಕಿಂಡಿಯ ಮುಚ್ಚಳ ತೆಗೆದು ಕೊಳವೆಯೊಳಗಿನ ಗಾಳಿ ಹೋಗುವಷ್ಟು ದ್ರವ ಹರಿಸಿ ಮತ್ತೆ ಮುಚ್ಚಿ. ಹರಿಯದಿದ್ದರೆ ಬಾಟಲಿಯ ತಲೆಗೆ ಸೂಜಿ ಚುಚ್ಚಿ ತೂತು ಮಾಡುವ ಅಭ್ಯಾಸ ಬೇಡ. ಇದೇ ಬಾಟಲಿಯನ್ನು ನಾಲ್ಕೈದು ಸಲ ಬಳಸುವವರಿಗೆ ಆ ತೂತೇ ಸೋಂಕಿನ ದಾರಿ.

3. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ನಿಲ್ಲಿಸಿ. ಒಂದು ಹನಿ ಮಣಿಕಟ್ಟಿನ ಒಳಬದಿಗೆ ಬಿಟ್ಟುಕೊಂಡರೆ ಬಿಸಿಯೂ ತಣ್ಣಗೂ ಅನಿಸಬಾರದು. ಡಿಸೆಂಬರಿನ ಮುಂಜಾನೆ ಹೀಗೆ ಬೆಚ್ಚಗೆ ಮಾಡದೆ ಹಾಕಿದರೆ ಯಾವ ಬೆಕ್ಕೂ ಎರಡನೆಯ ಸಲಕ್ಕೆ ಕೂರುವುದಿಲ್ಲ.

4. ಬಾಟಲಿ ತೂಗುಹಾಕಿದ ಮೇಲೆ ದ್ರವ ಎಲ್ಲಿಗಿಳಿದರೆ ನಿಲ್ಲಿಸಬೇಕೋ ಅಲ್ಲಿ ಅಂಟುಪಟ್ಟಿ ಹಚ್ಚಿ. ಬೆಕ್ಕನ್ನು ಹಿಡಿದುಕೊಂಡು ಅಂಕಿ ಓದುವುದು ಆಗದ ಕೆಲಸ. ಬಾಟಲಿ ಬೆಕ್ಕಿಗಿಂತ ಮೂರು ನಾಲ್ಕು ಅಡಿ ಮೇಲಿರಲಿ.

5. ಬೆಕ್ಕು ಅತ್ತ ಮುಖ ಮಾಡಿರಲಿ. ಭುಜದ ಮೂಳೆಗಳ ನಡುವಿನ ಸಡಿಲ ಚರ್ಮವನ್ನು ಹೆಬ್ಬೆರಳು, ನಡುಬೆರಳಿನಿಂದ ಎತ್ತಿ, ತೋರುಬೆರಳಿನಿಂದ ಒತ್ತಿದರೆ ಸಣ್ಣ ಗುಂಡಿಯಾಗುತ್ತದೆ. ಸೂಜಿಯ ಓರೆ ಬಾಯಿ ಮೇಲ್ಮುಖವಾಗಿರಲಿ. ಬೆನ್ನಿಗೆ ಸಮಾನಾಂತರವಾಗಿ, ಒಂದೇ ಸಲಕ್ಕೆ, ಹೆದರದೆ ಗುಂಡಿಯೊಳಗೆ ತಳ್ಳಿ. ಮೆಲ್ಲಗೆ ಮೆಲ್ಲಗೆ ಒತ್ತುವುದೇ ಹೆಚ್ಚು ನೋಯಿಸುವುದು.

6. ಚಕ್ರವನ್ನು ಪೂರ್ತಿ ತೆರೆಯಿರಿ. ನರಕ್ಕೆ ಹಾಕುವ ಡ್ರಿಪ್‌ನಂತೆ ಹನಿ ಎಣಿಸಬೇಕಿಲ್ಲ. ಪಕ್ಕದ ಮನೆಯ ನರ್ಸಮ್ಮನನ್ನು ಸಹಾಯಕ್ಕೆ ಕರೆದವರಲ್ಲಿ ಆಗುವ ತಪ್ಪು ಇದು: ಅವರು ಅಭ್ಯಾಸಬಲದಿಂದ ನಿಧಾನಕ್ಕೆ ಹನಿ ಬಿಡುತ್ತಾರೆ, ಬೆಕ್ಕು ಮುಕ್ಕಾಲು ಗಂಟೆ ಒದ್ದಾಡುತ್ತದೆ.

7. ಪಟ್ಟಿಯ ಗುರುತಿಗೆ ಬಂದಾಗ ಮೊದಲು ಚಕ್ರ ಮುಚ್ಚಿ, ಆಮೇಲೆ ಸೂಜಿ ತೆಗೆದು, ತೂತಿನ ಜಾಗವನ್ನು ಒಂದು ನಿಮಿಷ ಚಿವುಟಿ ಹಿಡಿಯಿರಿ. ಇಷ್ಟದ ತಿನಿಸು ಆ ಕ್ಷಣವೇ ಬಾಯಿಗೆ ಸೇರಲಿ.

ಮೊದಲ ದಿನ ನಾನು ಎಲ್ಲ ಸರಿಯಾಗುತ್ತಿದೆ ಎಂದುಕೊಂಡು ಬಾಟಲಿಯನ್ನೇ ನೋಡುತ್ತ ಕೂತಿದ್ದೆ. ದ್ರವ ಚೆನ್ನಾಗಿ ಇಳಿಯುತ್ತಿತ್ತು, ಕೆಂಚ ಅಲ್ಲಾಡದೆ ಕೂತಿದ್ದ, ಸ್ವಲ್ಪ ಹೊತ್ತಿಗೆ ನನ್ನ ಮೊಣಕಾಲು ಬೆಚ್ಚಗೆ ಒದ್ದೆಯಾಯಿತು. ಸೂಜಿ ಚರ್ಮದ ಮಡಿಕೆಯ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹೊರಬಂದಿತ್ತು. ಆದ್ದರಿಂದ ಕಣ್ಣು ಬಾಟಲಿಯ ಮೇಲೆ, ಒಂದು ಬೆರಳು ಸದಾ ಕೂದಲ ಮೇಲೆ. ಒದ್ದೆ ತಗುಲಿದರೆ ನಿಲ್ಲಿಸಿ, ಹೊಸ ಸೂಜಿಯಿಂದ ಮತ್ತೊಮ್ಮೆ. ಒದ್ದೆಯಿಲ್ಲದೆ ಹರಿವು ನಿಂತಿದ್ದರೆ ಸೂಜಿಯ ತುದಿ ಚರ್ಮಕ್ಕೆ ಒತ್ತಿಕೊಂಡಿರುತ್ತದೆ; ತುಸು ತಿರುಗಿಸಿದರೆ ಸಾಕು.

ಬೆನ್ನ ಮೇಲೆ ಗೂನಿನಂತೆ ಊದಿಕೊಳ್ಳುವುದು, ಕೆಲವು ಗಂಟೆಗಳಲ್ಲಿ ಅದು ಎದೆಗೋ ಮುಂಗಾಲಿಗೋ ಜಾರುವುದು ಸಹಜ. ಮುಂದಿನ ಸರದಿಯ ಹೊತ್ತಿಗೂ ಊತ ಇಳಿದಿರದಿದ್ದರೆ ಮತ್ತೆ ಹಾಕದೆ ಡಾಕ್ಟರಿಗೆ ಫೋನ್ ಮಾಡಿ. ಪ್ರತಿ ಸಲಕ್ಕೂ ಹೊಸ ಸೂಜಿ ಕಡ್ಡಾಯ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಗೇ ಕೊಡಿ, ಕಸದ ಗಾಡಿಗೆ ಹಾಕಬೇಡಿ. ಆ ಕಸವನ್ನು ಕೈಯಲ್ಲಿ ಬಿಡಿಸುವವರಿದ್ದಾರೆ.

## ಹಂತ 8: ಕಾಯಬಾರದ ಲಕ್ಷಣಗಳು

ಬೆಕ್ಕು ನಿದ್ದೆಯಲ್ಲಿರುವಾಗ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸುವ ರೂಢಿ ಮಾಡಿಕೊಳ್ಳಿ. 30ರ ಒಳಗಿರಬೇಕು. ಸಲೈನ್ ಶುರುವಾದ ಮೇಲೆ ಅದು ದಾಟುತ್ತಿದ್ದರೆ ಎದೆಯಲ್ಲಿ ನೀರು ತುಂಬುತ್ತಿರಬಹುದು, ಸಲೈನ್ ನಿಲ್ಲಿಸಿ ಅಂದೇ ತೋರಿಸಬೇಕು. ಬಾಯಿ ತೆರೆದು ಉಸಿರಾಡುತ್ತಿದ್ದರೆ ಗಂಟೆಯನ್ನೂ ಕಾಯಬಾರದು.

ಇದ್ದಕ್ಕಿದ್ದಂತೆ ಗೋಡೆಗೆ ಡಿಕ್ಕಿ ಹೊಡೆಯುವುದು, ಬೆಳಕಿನಲ್ಲೂ ಕಣ್ಣಪಾಪೆ ದೊಡ್ಡದಾಗಿಯೇ ಉಳಿಯುವುದು ರಕ್ತದೊತ್ತಡ ಏರಿ ಕಣ್ಣಿನ ಪರದೆ ಕಳಚಿರುವ ಸೂಚನೆ. ವಯಸ್ಸಾಯಿತು, ಕಣ್ಣು ಮಂಜಾಯಿತು ಎಂದು ಬಿಟ್ಟರೆ ದೃಷ್ಟಿ ಮರಳುವುದಿಲ್ಲ. ಕತ್ತು ಎತ್ತಲಾರದೆ ಗಲ್ಲ ಎದೆಗೆ ಬಾಗಿದ್ದರೆ ಪೊಟ್ಯಾಷಿಯಂ ಕುಸಿದಿದೆ. ವಸಡು ಬಿಳಿಚಿದ್ದರೆ ರಕ್ತಹೀನತೆ. ಗಂಡು ಬೆಕ್ಕು ಮರಳಿನ ತಟ್ಟೆಯಲ್ಲಿ ಕೂತು ತಿಣುಕುತ್ತಿದ್ದರೂ ಹನಿ ಉಚ್ಚೆ ಬರದಿದ್ದರೆ ಅದು ಮಲಬದ್ಧತೆಯಲ್ಲ, ಮೂತ್ರ ಕಟ್ಟಿದೆ. ರಾತ್ರಿಯಾದರೂ ಸರಿ, ಹೊರಡಿ. ನಿಜವಾದ ಮಲಬದ್ಧತೆಯೂ ಈ ಬೆಕ್ಕುಗಳಲ್ಲಿ ಮಾಮೂಲು, ಎರಡು ಮೂರು ದಿನ ಮಲವಿಲ್ಲದಿದ್ದರೆ ತಿಳಿಸಿ, ಆದರೆ ಅದಕ್ಕೆ ಮನುಷ್ಯರ ಎನಿಮಾ ಬಳಸಬೇಡಿ, ಅದರಲ್ಲಿರುವ ರಂಜಕದ ಲವಣ ಬೆಕ್ಕಿಗೆ ಮಾರಕ.

## ಹಂತ 9: ಮರುಪರೀಕ್ಷೆ, ಮತ್ತು ನೋಟ್‌ಬುಕ್ಕಿನ ಕೊನೆಯ ಪುಟ

ಚಿಕಿತ್ಸೆ ಬದಲಾದಾಗ ಕೆಲವೇ ವಾರಗಳಲ್ಲಿ, ಸ್ಥಿರವಾಗಿದ್ದರೆ ಮೂರರಿಂದ ಆರು ತಿಂಗಳಿಗೊಮ್ಮೆ ರಕ್ತ ನೋಡಿಸಬೇಕು. ಚೆನ್ನಾಗಿದೆ ಎಂದು ಬಿಪಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಚೆನ್ನಾಗಿರುವುದು ಅದರಿಂದಲೇ.

ಈ ರೋಗ ವಾಸಿಯಾಗುವುದಿಲ್ಲ. ಚಿಕಿತ್ಸೆಯನ್ನು ಯಾವಾಗ ನಿಲ್ಲಿಸಬೇಕೆಂಬುದನ್ನು ಬೆಕ್ಕು ಚೆನ್ನಾಗಿರುವಾಗಲೇ ಮನೆಯವರೆಲ್ಲ ಕೂತು ಮಾತಾಡಿ, ಡಾಕ್ಟರನ್ನೂ ನೇರವಾಗಿ ಕೇಳಿ ಬರೆದಿಡಿ. ಆ ದಿನ ಎದುರಾದಾಗ ಯಾರಿಗೂ ಬುದ್ಧಿ ಓಡುವುದಿಲ್ಲ. ನಾವು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮೂರು ಸಾಲು ಬರೆದಿದ್ದೆವು: ಮದ್ದು ಕೊಟ್ಟರೂ ಎರಡು ದಿನ ತಿನ್ನದಿದ್ದರೆ, ತಟ್ಟೆಯವರೆಗೆ ನಡೆಯಲಾರದಿದ್ದರೆ, ಅತ್ತೆಯವರು ತಂಬಿಗೆ ಸದ್ದು ಮಾಡಿದರೂ ತಲೆ ಎತ್ತದಿದ್ದರೆ. ಮೂರನೆಯದನ್ನು ಬರೆಸಿದ್ದು ಅತ್ತೆಯವರೇ.